ಬಟ್ಟಲಲ್ಲಿ ಹನ್ನೊಂದು ಕಾಳು

ಹೆದರುಪುಕ್ಕಲ ಎಂದರೆ ಹೇಗಿರುತ್ತಾನೆ ಎಂದು ನೋಡುವ ಆಸೆ ಯಾರಿಗಾದರೂ ಇದ್ದರೆ ಕೋಲಾರದ ಗಣಿ ಊರು ಚಾಂಪಿಯನ್ ರೀಫ್ಸ್‌ನ ಚಲಪತಿಯನ್ನು ನೋಡಿದರೆ ಸಾಕು. ಐವತ್ತೈದು ದಾಟಿದ ಗಂಡಸು, ಬೀದಿನಾಯಿ ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾನೆ. ರೈಲು ಹೊರಡುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಸ್ಟೇಷನ್ನಿನಲ್ಲಿ ಕೂತು, ರೈಲು ಹೋಗಿಬಿಟ್ಟಿತೇನೋ ಎಂದು ಪಕ್ಕದವರನ್ನು ಕೇಳುತ್ತಾನೆ. ಗ್ಯಾಸ್ ಸಿಲಿಂಡರ್ ಬದಲಾಯಿಸುವ ದಿನ ಹೆಂಡತಿ ವನಿತಾಳನ್ನೂ ಮಗಳು ತ್ರಿವೇಣಿಯನ್ನೂ ಬೀದಿಗೆ ಕಳಿಸಿ, ಕಿಟಕಿ ಬಾಗಿಲೆಲ್ಲ ತೆರೆದಿಟ್ಟು, ಸಾಬೂನಿನ ನೊರೆ ಹಚ್ಚಿ ಮೂರು ಸಲ ನೋಡುತ್ತಾನೆ. ಇಂಥವನಿಗೆ ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಬಂಡೆಗೆ ಮದ್ದು ತುಂಬಿ ಸಿಡಿಸುವುದು.

ಅವನಾಗಿ ಆರಿಸಿಕೊಂಡ ಕೆಲಸವಲ್ಲ. ಹತ್ತನೇ ತರಗತಿಯ ಗಣಿತ ಅವನನ್ನು ಮೂರು ಸಲ ಕೆಡವಿತು. ಮೂರನೆಯ ಸಲವಂತೂ ಪಾಸಾಗಿಯೇ ಆಗುತ್ತೇನೆಂದು ನಂಬಿದ್ದ, ಯಾಕೆಂದರೆ ನಾಲ್ಕು ಅಂಕದ ಲೆಕ್ಕವೊಂದು ಅವನಿಗೆ ಪೂರ್ತಿ ಬಂದಿತ್ತು. ಎರಡು ಸಮೀಕರಣ, ಗೊತ್ತಿಲ್ಲದ ಎರಡು ಸಂಖ್ಯೆ. ಒಂದನ್ನು ಇನ್ನೊಂದರ ಲೆಕ್ಕದಲ್ಲಿ ಬರೆದು, ಅದನ್ನು ಬದಲಿಗೆ ಇಟ್ಟು ಬಿಡಿಸುತ್ತಾ ಹೋದ. ಕೊನೆಗೆ ಎಡಕ್ಕೂ ಹದಿನೆಂಟು, ಬಲಕ್ಕೂ ಹದಿನೆಂಟು ಬಂತು. ಕೆಳಗೆ ‘ತಾಳೆ ಆಯಿತು’ ಎಂದು ಬರೆದು ಎರಡು ಗೆರೆ ಎಳೆದು ಎದ್ದುಬಂದ. ಎರಡೇ ಎರಡು ಅಂಕದಲ್ಲಿ ಫೇಲು. ಅಷ್ಟು ಚೆನ್ನಾಗಿ ತಾಳೆಯಾದ ಲೆಕ್ಕ ಯಾಕೆ ತಪ್ಪಾಯಿತೆಂದು ಮೇಷ್ಟರನ್ನು ಕೇಳುವುದಕ್ಕೂ ಅವನಿಗೆ ಧೈರ್ಯ ಬರಲಿಲ್ಲ. ಅಪ್ಪ ತನ್ನ ಜಾಗಕ್ಕೆ ಅವನನ್ನು ಚಿನ್ನದ ಗಣಿಗೆ ಸೇರಿಸಿದ.

ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ಎಷ್ಟು ಬಿಲ್ಲೆ ಹೋದವೋ ಪಾಳಿ ಮುಗಿದಾಗ ಅಷ್ಟೇ ಬಿಲ್ಲೆ ಹಲಗೆಗೆ ವಾಪಸ್ಸು ಬರಬೇಕು. ಹಲಗೆಯ ಮುಂದೆ ಕೂತವನು “ತಾಳೆ!” ಎಂದು ಕೂಗುವ ತನಕ, ಮೇಲೆ ಬಂದು ನಿಂತವರಿಗೂ ಮನೆಗೆ ಹೊರಡುವ ಮನಸ್ಸಾಗುತ್ತಿರಲಿಲ್ಲ. ಆ ಒಂದು ಕೂಗಿಗಾಗಿ ಚಲಪತಿಯ ಎದೆ ಹದಿಮೂರು ವರ್ಷ ದಿನಾ ಹೊಡೆದುಕೊಂಡಿದೆ. ಎರಡು ಕಡೆ ಸಮವಾದರೆ ಇವತ್ತು ಯಾರೂ ಸತ್ತಿಲ್ಲ, ಮನೆಗೆ ಹೋಗಿ ಉಣ್ಣಬಹುದು. ಈ ನಂಬಿಕೆ ಅವನ ರಕ್ತಕ್ಕೇ ಇಳಿದುಹೋಗಿತ್ತು.

ಗಣಿ ಮುಚ್ಚಿತು. ಕೆಲಸವಿಲ್ಲದವನಿಗೆ ಹೆಣ್ಣು ಕೊಡುವವರು ಸಿಗದೆ ಮದುವೆಯಾದಾಗ ಮೂವತ್ತೆಂಟು. ಗಣಿಯಲ್ಲಿ ಕಲಿತ ಮದ್ದಿನ ಕೆಲಸಕ್ಕೆ ಪರವಾನಗಿ ಮಾಡಿಸಿಕೊಂಡು, ಕಾಮಸಮುದ್ರದಿಂದ ಆಚೆ ಒಂದು ಕಲ್ಲು ಕ್ವಾರಿಗೆ ಸೇರಿದ. ಅಲ್ಲಿ ಅವನಷ್ಟೇ ಹೆದರುವ ಇನ್ನೊಂದು ಜೀವ ಸಿಕ್ಕಿತು. ಗಣಿ ಕಾಲೊನಿಯಾದ ಮೈಸೂರು ಮೈನ್ಸ್‌ನಿಂದ ದಿನಾ ಬಂದು ತಗಡಿನ ಶೆಡ್ಡಿನಲ್ಲಿ ಎಲ್ಲರಿಗೂ ಅಡುಗೆ ಮಾಡುವ ಅಕ್ಕಯ್ಯಮ್ಮ. ಅವಳ ಗಂಡ ಆಂಧ್ರದ ಕಡೆಯ ಯಾವುದೋ ಕ್ವಾರಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದವನು. ಹಿಂದಿನ ದಿನ ಮದ್ದು ತುಂಬಿಯೂ ಸಿಡಿಯದೆ ಉಳಿದಿದ್ದ ಕುಳಿಯೊಂದರ ಮೇಲೆ ಗೊತ್ತಿಲ್ಲದೆ ಡ್ರಿಲ್ ಊರಿ, ಒಂದು ಕ್ಷಣದಲ್ಲಿ ಇಲ್ಲವಾಗಿ ಹೋದ.

“ಅವತ್ತು ಏಟು ಎಣ್ಸೋರು ಯಾರೂ ಇರ್ನಿಲ್ಲ ತಂಬಿ,” ಎಂದು ಅವಳು ಚಲಪತಿಗೆ ಒಂದೇ ಸಲ ಹೇಳಿದ್ದಳು. ಅವನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

ಅಂದಿನಿಂದ ಅವರಿಬ್ಬರದೇ ಒಂದು ಪದ್ಧತಿ. ಸೈರನ್ ಆಗಿ, ಜನರೆಲ್ಲ ಕೆಂಪು ಬಾವುಟದ ಆಚೆ ಹೋದ ಮೇಲೆ ಚಲಪತಿ ಶೆಡ್ಡಿನ ಕಡೆ ತಿರುಗಿ “ಅಕ್ಕಾ, ಹದಿನಾಲ್ಕು!” ಎಂದು ಅವತ್ತಿನ ಕುಳಿಗಳ ಲೆಕ್ಕ ಕೂಗುತ್ತಾನೆ. ಆಮೇಲೆ ಬತ್ತಿ ಹಚ್ಚಿ ಮರೆಗೆ ಬರುತ್ತಾನೆ. ಕುಳಿಗಳು ಒಂದರ ಹಿಂದೊಂದು ಸಿಡಿಯುತ್ತವೆ. ಒಂದೊಂದು ಏಟಿಗೂ ಅಕ್ಕಯ್ಯಮ್ಮ ಸ್ಟೀಲ್ ಬಟ್ಟಲಿಗೆ ಒಂದೊಂದು ಅವರೆಕಾಳು ಹಾಕುತ್ತಾಳೆ. ಕೂಗಿದ ಲೆಕ್ಕವೂ ಬಟ್ಟಲಿನ ಲೆಕ್ಕವೂ ಒಂದೇ ಆದರೆ ಕಾಳು ಸಾರಿನ ಪಾತ್ರೆಗೆ ಬೀಳುತ್ತದೆ. ಇಲ್ಲದಿದ್ದರೆ ಕಾಳು ಬಟ್ಟಲಲ್ಲೇ ಉಳಿಯುತ್ತದೆ, ಬಂಡೆಯ ಹತ್ತಿರ ಯಾರೂ ಸುಳಿಯುವಂತಿಲ್ಲ. ಕ್ವಾರಿಯ ಜನ ಬಾಯಿಗೆ ಟವೆಲ್ ಅಡ್ಡ ಹಿಡಿದು ನಗುತ್ತಿದ್ದರು. ನಗಲಿ ಬಿಡಿ, ನಗುವುದಕ್ಕೆ ಅವರ ಬಾಯಿ ಇನ್ನೂ ಮುಖದಲ್ಲಿತ್ತಲ್ಲ.

ಈ ಜನವರಿಯ ಒಂದು ಬುಧವಾರ ಚಲಪತಿ ತಾಯಿಯ ತಿಥಿಗೆಂದು ರಜೆ ಹಾಕಿದ. ಅವನ ಬದಲಿಗೆ ಬಂದವನು ಕೋದಂಡಪ್ಪ. ಕೋದಂಡಪ್ಪ ಧೈರ್ಯಸ್ಥ. ಧೈರ್ಯಸ್ಥರಿಗೆ ಲೆಕ್ಕವೆಲ್ಲ ತಲೆಯಲ್ಲೇ ಇರುತ್ತದೆ, ಬರೆದಿಡುವುದು, ಕೂಗಿ ಹೇಳುವುದು ಅವರಿಗೆ ಅವಮಾನ.

ಗುರುವಾರ ಬೆಳಗ್ಗೆ ಎಂಟಕ್ಕೆ ಚಲಪತಿ ಬಸ್ಸಿಳಿದು ಶೆಡ್ಡಿಗೆ ಬಂದು, ಕಾಫಿ ಲೋಟ ಕೈಗೆ ತಗೊಂಡ. ಗೂಡಿನಲ್ಲಿ ಬಟ್ಟಲಿತ್ತು. ಬಟ್ಟಲಲ್ಲಿ ಕಾಳಿತ್ತು.

“ಎಷ್ಟಕ್ಕಾ ಇವು?”

“ಅನ್ನೊಂದು.”

“ಕೋದಂಡಪ್ಪ ಎಷ್ಟು ಅಂತ ಕೂಗಿದ್ದ?”

“ಅವನೆಲ್ಲಿ ಕೂಗ್ತಾನೆ ತಂಬಿ? ಕಾಳೆಣ್ಸೋ ಮುದುಕಿಗೆಲ್ಲ ನಾನ್ಯಾಕೆ ಲೆಕ್ಕ ಕೊಡ್ಲಿ ಅಂದ್ಬುಟ್ಟ.”

“ಬರ್ಲಿ, ನಾನೇ ಕೇಳ್ತೀನಿ.”

“ಇನ್ನೇನ್ ಕೇಳ್ತೀಯ? ನೆನ್ನೆ ಸಾಯಂಕಾಲ ಮನೆಗೋಗಿ ಕೂತವ್ನಿಗೆ ಲಕ್ವ ಒಡೀತಂತೆ. ಕೋಲಾರದ ಆಸ್ಪತ್ರೇಲವ್ನೆ. ಬಾಯೇ ಬರ್ತಿಲ್ವಂತೆ.”

ಹನ್ನೊಂದು ಸಿಡಿದಿವೆ, ಸರಿ. ತುಂಬಿದ್ದು ಎಷ್ಟು? ಗೊತ್ತಿದ್ದವನು ಒಬ್ಬನೇ, ಅವನಿಗೆ ಮಾತು ನಿಂತಿದೆ. ಅಷ್ಟರಲ್ಲಿ ಕೆಳಗಡೆಯಿಂದ ಕಂಪ್ರೆಸರ್ ಶುರುವಾದ ಸದ್ದು ಬಂತು. ಕಾಫಿ ಲೋಟ ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಬಿತ್ತೋ, ಅವನು ಓಡಿದ.

ಸಿಡಿದ ಕಲ್ಲಿನ ರಾಶಿಯ ಮೇಲೆ ರವಿಶಂಕರ್ ದೊಡ್ಡ ಕಲ್ಲುಗಳನ್ನು ಒಡೆಯಲು ಡ್ರಿಲ್ ಊರಿ ನಿಂತಿದ್ದ. ಮದುವೆಯಾಗಿ ಮೂರು ತಿಂಗಳಾಗಿತ್ತು ಅವನಿಗೆ. ರಾಶಿಯ ಬುಡದಲ್ಲಿ ಅವನ ಹೆಂಡತಿ ರಾಧ, ಇನ್ನೂ ಆರು ಹೆಂಗಸರ ಜೊತೆ, ಕಲ್ಲು ಹೊರಲು ತಲೆಗೆ ಸಿಂಬಿ ಸುತ್ತಿಕೊಳ್ಳುತ್ತಿದ್ದಳು.

“ನಿಲ್ಸೋ ರವಿ! ನಿನ್ ಕಾಲಿಗೆ ಬೀಳ್ತೀನಿ, ನಿಲ್ಸು!” ಚಲಪತಿ ಕಂಪ್ರೆಸರಿನ ಗಾಳಿ ತಾನೇ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತ.

ಮೇಸ್ತ್ರಿ ಶ್ರೀನಿವಾಸಪ್ಪ ಬಂದ. ಕೆಟ್ಟ ಮನುಷ್ಯನೇನಲ್ಲ, ಆದರೆ ಲಾರಿಗಳು ಬಂದು ನಿಂತಿದ್ದವು. ಲಾರಿ ಕಾಯುತ್ತಿರುವಾಗ ಯಾವ ಮೇಸ್ತ್ರಿಯೂ ಒಳ್ಳೆಯ ಮನುಷ್ಯನಾಗಿ ಉಳಿಯುವುದಿಲ್ಲ.

“ಏನ್ಲಾ ಚಲಪತಿ, ಬೆಳಬೆಳಗ್ಗೆ ನಿಂದು?”

“ಎಷ್ಟು ಕುಳಿ ತುಂಬಿದ್ದ ಅಂತ ಗೊತ್ತಾಗೋ ತನಕ ಬೇಡ ಸಾರ್. ಒಂದು ಉಳಿದಿದ್ರೆ...”

“ಉಳಿದಿದ್ರೆ, ಉಳಿದಿದ್ರೆ! ನೀನು ದಿನಾ ಇದೇ ರಾಗ ಎಳೀತೀಯ. ಒಂಬತ್ತು ಗಂಟೆ ತನಕ ಟೈಮು ಕೊಡ್ತೀನಿ. ಉಳಿದೈತೆ ಅಂತ ತೋರ್ಸು, ನಿಲ್ಲಿಸ್ತೀನಿ. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಆಚೆ ಓಗು.”

ಚಲಪತಿ ಮದ್ದಿನ ಮನೆಗೆ ಹೋಗಿ ಪುಸ್ತಕ ತೆಗೆದ. ಒಂದು ಕುಳಿಗೆ ಮದ್ದನ್ನು ಸಿಡಿಸುವ ಒಂದು ಕೇಪು. ಆ ಕಾಲಂ ತುಂಬಿದ್ದರೆ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು. ಮಹಾನುಭಾವ ನಾಳೆ ಬರೆದರಾಯಿತೆಂದು ಕೇಪಿನ ಕಾಲಂ ಖಾಲಿ ಬಿಟ್ಟಿದ್ದ. ಮದ್ದಿನ ತೋಟಾಗಳ ಲೆಕ್ಕ ಮಾತ್ರ ಇತ್ತು: ಖರ್ಚಾದದ್ದು ಇಪ್ಪತ್ತೊಂಬತ್ತು. ಹೊರಗಿನಿಂದ ಬಂದು ಕುಳಿ ಕೊರೆದು ಹೋಗಿದ್ದ ಮುನಿಸ್ವಾಮಪ್ಪನ ಕೂಲಿ ಚೀಟಿಯೂ ಅದೇ ಪುಟದಲ್ಲಿ ಸಿಕ್ಕಿಸಿತ್ತು: ಒಟ್ಟು ನಲವತ್ತಾರು ಅಡಿ. ಅವನಿಗೆ ಫೋನ್ ಮಾಡಿದರೆ, ಅವನು ಆಗಲೇ ಕುಪ್ಪಂ ಕಡೆ ಇನ್ನೊಂದು ಕ್ವಾರಿಯಲ್ಲಿದ್ದ.

“ದಿನಕ್ಕೆ ಮೂರು ಕಡೆ ಕೊರೀತೀನಣ್ಣ, ಎಷ್ಟು ಅಂತ ಯಾವನಿಗೆ ಗೆಪ್ತಿ ಇರ್ತದೆ? ದೊಡ್ಡ ಕುಳಿ ಐದಡಿ, ಚಿಕ್ಕದು ಮೂರಡಿ. ಅಷ್ಟೇ ನಂಗೊತ್ತಿರೋದು.”

ದೊಡ್ಡ ಕುಳಿಗೆ ಮೂರು ತೋಟಾ, ಚಿಕ್ಕದಕ್ಕೆ ಎರಡು. ಅದು ಆ ಕ್ವಾರಿಯಲ್ಲಿ ಎಲ್ಲರಿಗೂ ಗೊತ್ತು. ಚಲಪತಿ ಪುಸ್ತಕ ಹಿಡಿದು ಶೆಡ್ಡಿಗೆ ಬಂದು ಕೂತ. ಎದುರಿಗೆ ಗೊತ್ತಿಲ್ಲದವು ಎರಡು, ಗೊತ್ತಿರುವ ಮೊತ್ತ ಎರಡು. ಇದು ಅದೇ ಲೆಕ್ಕ. ಮೂವತ್ತೇಳು ವರ್ಷದ ಹಿಂದೆ ಅವನನ್ನು ಕೆಡವಿದ ಲೆಕ್ಕವೇ ಅವನನ್ನು ಹುಡುಕಿಕೊಂಡು ಕಾಮಸಮುದ್ರದ ತನಕ ಬಂದಿತ್ತು.

ಮಗಳು ತ್ರಿವೇಣಿ ಈಗ ಹತ್ತನೇ ತರಗತಿ. ದಿನಾ ಸಂಜೆ ಅವಳು, ಒಂದರ ಬದಲಿಗೆ ಇನ್ನೊಂದನ್ನು ಇಡುವ ‘ಆದೇಶ ವಿಧಾನ’ವನ್ನು ಗಟ್ಟಿಯಾಗಿ ಓದುತ್ತಾ ಲೆಕ್ಕ ಮಾಡುವಾಗ ಚಲಪತಿ ಪಕ್ಕದಲ್ಲೇ, ಎಲ್ಲಿ ತನ್ನನ್ನು ಕೇಳಿಬಿಡುತ್ತಾಳೋ ಎಂದು ಹೆದರುತ್ತಾ ಕೂತಿರುತ್ತಿದ್ದ. ಕೇಳಿಸಿಕೊಂಡದ್ದು ಅಷ್ಟಿಷ್ಟು ತಲೆಯಲ್ಲಿತ್ತು. ಒಲೆಯಿಂದ ಒಂದು ತುಂಡು ಇದ್ದಿಲು ತಗೊಂಡು ಶೆಡ್ಡಿನ ತಗಡಿನ ಮೇಲೆ ಬರೆದ. ದೊಡ್ಡ ಕುಳಿಗೆ ‘ದೊ’, ಚಿಕ್ಕದಕ್ಕೆ ‘ಚಿ’.

ಮೂರು ದೊ, ಎರಡು ಚಿ, ಸೇರಿದರೆ ಇಪ್ಪತ್ತೊಂಬತ್ತು ತೋಟಾ.
ಐದು ದೊ, ಮೂರು ಚಿ, ಸೇರಿದರೆ ನಲವತ್ತಾರು ಅಡಿ.

ತೋಟಾ ಲೆಕ್ಕದಿಂದ ಶುರುಮಾಡಿದ. ಎರಡು ಚಿ ಎಂದರೆ, ಇಪ್ಪತ್ತೊಂಬತ್ತರಲ್ಲಿ ಮೂರು ದೊ ಕಳೆದದ್ದು. ಸರಿ, ಅದನ್ನು ಎರಡು ಚಿ ಇದ್ದ ಜಾಗಕ್ಕೆ ಇಟ್ಟ. ಮೂರು ದೊ ಬಂತು, ಮೂರು ದೊ ಹೋಯಿತು. ತಗಡಿನ ಮೇಲೆ ಉಳಿದದ್ದು ಇಷ್ಟು:

29 = 29

ಚಲಪತಿಯ ಎದೆಯ ಮೇಲಿನ ಬಂಡೆ ಇಳಿಯಿತು. ಎಡಕ್ಕೂ ಇಪ್ಪತ್ತೊಂಬತ್ತು, ಬಲಕ್ಕೂ ಇಪ್ಪತ್ತೊಂಬತ್ತು. ಹೋದ ಬಿಲ್ಲೆಯೆಲ್ಲ ಹಲಗೆಗೆ ವಾಪಸ್ಸು. ಹದಿಮೂರು ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ಕೂಗಿತು: “ತಾಳೆ! ತಾಳೆ ಆಯ್ತು ಸಾರ್!”

ಕೆಳಗಡೆ ಶ್ರೀನಿವಾಸಪ್ಪ ಕೈಬೀಸಿದ. ರವಿಶಂಕರ್ ಮತ್ತೆ ರಾಶಿ ಹತ್ತತೊಡಗಿದ.

ಅಕ್ಕಯ್ಯಮ್ಮ ಬಟ್ಟಲನ್ನು ಕೈಗೆ ತಗೊಂಡು ಪಾತ್ರೆಯ ಹತ್ತಿರ ಹೋದವಳು ನಿಂತಳು. “ತಾಳೆ ಅಂದ್ಯಲ್ಲ ತಂಬಿ, ಎಷ್ಟು ಕುಳಿ? ಅನ್ನೊಂದೇ ತಾನೆ? ಸಾರಿಗಾಕ್ಲಾ?”

ಚಲಪತಿ ತಗಡು ನೋಡಿದ. ಎಷ್ಟು ಕುಳಿ? ತಗಡಿನ ಮೇಲೆ ಹನ್ನೊಂದೂ ಇರಲಿಲ್ಲ, ಹತ್ತೂ ಇರಲಿಲ್ಲ. ಇಪ್ಪತ್ತೊಂಬತ್ತು ಇಪ್ಪತ್ತೊಂಬತ್ತಕ್ಕೆ ಸಮ ಎಂಬುದನ್ನು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. “ಆಕ್ಬೇಡ ಅಕ್ಕಾ!” ಎಂದು ಕಿರುಚಿ, ಕೆಳಗಡೆಗೂ “ನಿಲ್ಸು ರವಿ, ನಿಲ್ಸು!” ಎಂದು ಕಿರುಚಿ, ಅವನು ಅರ್ಧದಲ್ಲೇ ನಿಂತದ್ದು ನೋಡಿ ಮನೆಗೆ ಫೋನ್ ಒತ್ತಿದ. ತ್ರಿವೇಣಿ ಜಡೆ ಹಾಕಿಕೊಳ್ಳುತ್ತಾ ಎತ್ತಿದಳು.

“ಮಗ, ಒಂದು ಲೆಕ್ಕ. ಎರಡು ಕಡೆ ಒಂದೇ ಬಂದು ತಾಳೆ ಆದ್ಮೇಲೆ ಉತ್ತರ ಎಲ್ಲಿರ್ತದೆ?”

ಅವನು ಲೆಕ್ಕ ಹೇಳಿದ. ಅವಳು ಕೇಳಿಸಿಕೊಂಡಳು. “ಚಿ-ನ ಯಾವುದ್ರಿಂದ ತಗೊಂಡೆ ಅಪ್ಪ?”

“ತೋಟಾ ಲೆಕ್ಕದಿಂದ.”

“ತಗೊಂಡು ಯಾವುದ್ರಲ್ಲಿ ಆಕ್ದೆ?”

“ತೋಟಾ ಲೆಕ್ಕದಲ್ಲೇ.”

“ಅಯ್ಯೋ ಅಪ್ಪಾ! ಅವರು ಯೋಳಿದ್ದನ್ನೇ ಅವರಿಗೆ ತಿರುಗಿ ಯೋಳಿದ್ರೆ ಹೂಂ ಅಂತಾರೆ, ಇನ್ನೇನಂತಾರೆ? ಅದು ಯಾವಾಗ್ಲೂ ಸಮಾನೇ ಬತ್ತದೆ. ತಗೊಂಡೋಗಿ ಅಡಿ ಲೆಕ್ಕದಲ್ಲಿ ಆಕು. ಬಂದ ಉತ್ತರಾನ ಎರಡರಲ್ಲೂ ಇಟ್ಟು ತಾಳೆ ನೋಡ್ಬೇಕು, ಮರೀಬೇಡ. ಇದ್ಯಾಕಪ್ಪ ಇಷ್ಟೊತ್ನಲ್ಲಿ?”

“ಸುಮ್ನೆ ಕಣಮ್ಮ. ಸ್ಕೂಲಿಗೆ ಒರಡು.”

ಎಡಕ್ಕೂ ಹದಿನೆಂಟು, ಬಲಕ್ಕೂ ಹದಿನೆಂಟು. ಹಾಗಾದರೆ ಅವತ್ತು ಪರೀಕ್ಷೆಯಲ್ಲಿ ಮಾಡಿದ್ದೂ ಇದನ್ನೇ. ಅವತ್ತು ಹೋದದ್ದು ನಾಲ್ಕು ಅಂಕ. ಈ ಸಲ ರವಿಶಂಕರ್ ಹೋಗುತ್ತಿದ್ದ, ಅದೂ ತನ್ನ ಬಾಯಿಂದ ಬಂದ ‘ತಾಳೆ’ಯನ್ನು ನಂಬಿಕೊಂಡು. ಚಲಪತಿ ಮತ್ತೆ ಇದ್ದಿಲು ಹಿಡಿದ.

ಈ ಸಲ ಅಡಿ ಲೆಕ್ಕ. ಅಲ್ಲಿ ಮೂರು ಚಿ ಇದ್ದವು, ಅವನ ಕೈಯಲ್ಲಿದ್ದದ್ದು ಎರಡು ಚಿ. ಅರ್ಧದ ಗೊಡವೆ ಬೇಡವೆಂದು ಅಡಿ ಲೆಕ್ಕವನ್ನೇ ಇಮ್ಮಡಿ ಮಾಡಿಕೊಂಡ. ಹತ್ತು ದೊ, ಆರು ಚಿ, ತೊಂಬತ್ತೆರಡು. ಆರು ಚಿ ಎಂದರೆ ಎರಡರ ಮೂರು ಪಾಲು, ಅಂದರೆ ಎಂಬತ್ತೇಳರಲ್ಲಿ ಒಂಬತ್ತು ದೊ ಕಳೆದದ್ದು. ಅದನ್ನು ಬದಲಿಗೆ ಇಟ್ಟ. ಹತ್ತರಲ್ಲಿ ಒಂಬತ್ತು ದೊ ಹೋಗಿ ಒಂದು ದೊ ಉಳಿಯಿತು. ತೊಂಬತ್ತೆರಡರಲ್ಲಿ ಎಂಬತ್ತೇಳು ಹೋಗಿ ಐದು ಉಳಿಯಿತು. ದೊಡ್ಡವು ಐದು. ಅವಕ್ಕೆ ಹದಿನೈದು ತೋಟಾ ಹೋದರೆ ಉಳಿದದ್ದು ಹದಿನಾಲ್ಕು, ಚಿಕ್ಕವು ಏಳು. ಅಡಿಯಲ್ಲೂ ಇಟ್ಟು ನೋಡಿದ: ಇಪ್ಪತ್ತೈದು, ಇಪ್ಪತ್ತೊಂದು, ನಲವತ್ತಾರು.

ಐದು, ಏಳು. ಹನ್ನೆರಡು. ಬಟ್ಟಲಲ್ಲಿ ಹನ್ನೊಂದು.

ಶ್ರೀನಿವಾಸಪ್ಪ ಮೇಲೆ ಬಂದು ತಗಡು ನೋಡಿದ. ಅವನೂ ದಡ್ಡನಲ್ಲ. “ದೊಡ್ಡವು ಏಳು, ಚಿಕ್ಕವು ನಾಲ್ಕು ಅಂತ ಇಟ್ಕೋ. ಇಪ್ಪತ್ತೊಂದು, ಎಂಟು, ಇಪ್ಪತ್ತೊಂಬತ್ತು ತೋಟಾ. ಸರಿಯಾಯ್ತಲ್ಲ? ಒಟ್ಟು ಅನ್ನೊಂದು. ಮುದುಕಿ ಕಾಳೂ ಅನ್ನೊಂದು.”

“ಅಡಿ ನೋಡಿ ಸಾರ್. ಮೂವತ್ತೈದು, ಹನ್ನೆರಡು, ನಲವತ್ತೇಳು. ಚೀಟೀಲಿರೋದು ನಲವತ್ತಾರು.”

“ಒಂದಡಿಲಾ! ಬರೆಯೋವಾಗ ಒಂದಡಿ ಬಿಟ್ಟವ್ನೆ, ಅಷ್ಟೇಯ.”

“ಸಾರ್, ಮುನಿಸ್ವಾಮಪ್ಪನಿಗೆ ಕೂಲಿ ಅಡಿ ಲೆಕ್ಕದಲ್ಲಿ. ಒಂದಡಿ ಜಾಸ್ತಿ ಬರೆದಾನು. ಕಮ್ಮಿ ಬರೀತಾನಾ?”

ಮೇಸ್ತ್ರಿ ಚೀಟಿಯನ್ನು ಇನ್ನೊಮ್ಮೆ ನೋಡಿ, “ಎರಡು ಒಟ್ಟಿಗೇ ಸಿಡಿದಿರಬೋದು,” ಎಂದ.

“ಒಟ್ಟಿಗೆ ಸಿಡಿದ್ರೆ ಈ ತಗಡು ಬೇರೆ ಥರ ಅದುರ್ತದೆ,” ಎಂದಳು ಅಕ್ಕಯ್ಯಮ್ಮ ಒಲೆಗೆ ನೀರು ಹಾಕುತ್ತಾ.

“ಸಿಡಿದಿರಬೋದು ಸಾರ್,” ಎಂದ ಚಲಪತಿ. “ಸಿಡೀದೇನೂ ಇರಬೋದು. ನಂಗೆ ಹೆದರಿಕೆ ಆಯ್ತದೆ. ನನ್ನ ಕೆಲ್ಸದಿಂದ ತೆಗೀರಿ ಬೇಕಾದ್ರೆ, ನಾನು ಬಾವುಟ ಏರಿಸ್ತೀನಿ, ಇಳ್ಸಲ್ಲ.” ಅವನ ದನಿ ಅಳುವವನ ದನಿಯಾಗಿತ್ತು. ಹೊರಗೆ ಓಡಿ ಕೆಂಪು ಬಾವುಟ ಏರಿಸಿ, ಅದರ ಕೋಲನ್ನು ಎರಡೂ ಕೈಯಲ್ಲಿ ಅವಚಿಕೊಂಡು ದಾರಿಗೆ ಅಡ್ಡ ನಿಂತ. ಯಾರೂ ನಗಲಿಲ್ಲ. ರಾಧ ತಲೆಯ ಸಿಂಬಿ ಬಿಚ್ಚಿ, ಗಂಡನ ಕೈ ಹಿಡಿದು ಎಳೆದುಕೊಂಡು ಬಾವುಟದ ಆಚೆಗೆ ನಡೆದಳು. ಹೆಂಗಸರೆಲ್ಲ ಅವಳ ಹಿಂದೆ ಹೋದರು. ಶ್ರೀನಿವಾಸಪ್ಪ ಲಾರಿಯವರ ಕಡೆ ಹೋಗಿ ಇಂಜಿನ್ ಆರಿಸಲು ಹೇಳಿದ.

ಹುಡುಕುವ ಕೆಲಸ ಚಲಪತಿಯದೇ. ಹಾರೆ ಮುಟ್ಟುವಂತಿಲ್ಲ, ಗುದ್ದಲಿ ಮುಟ್ಟುವಂತಿಲ್ಲ. ಬರಿಗೈಯಲ್ಲಿ ಒಂದೊಂದೇ ಕಲ್ಲು ಎತ್ತಿ ಪಕ್ಕಕ್ಕಿಡಬೇಕು. ಪ್ರತಿ ಕಲ್ಲಿಗೂ ಅಮ್ಮನ ಹೆಸರು, ಮಗಳ ಹೆಸರು, ಗೊತ್ತಿದ್ದ ದೇವರ ಹೆಸರೆಲ್ಲ ಕರೆದ. ಲೆಕ್ಕ ತಪ್ಪಾಗಿರಲಿ ಎಂದೂ ಬೇಡಿಕೊಂಡ. ತಪ್ಪಾದರೆ ಜನ ವರ್ಷಗಟ್ಟಲೆ ಆಡಿಕೊಂಡು ನಗುತ್ತಾರೆ, ನಗಲಿ. ಹನ್ನೊಂದೂವರೆಗೆ ಒಂದು ಚಪ್ಪಡಿ ಎತ್ತಿದಾಗ ಅದರ ಅಡಿಯಲ್ಲಿ ಬೆರಳುದ್ದದ ಬತ್ತಿ ಕಂಡಿತು. ಪಕ್ಕದ ಕುಳಿಯ ಕಲ್ಲು ಹಾರಿಬಂದು ತುಂಡರಿಸಿದ್ದ ಬತ್ತಿ. ಅದರ ಕೆಳಗೆ ಮಣ್ಣು ಗಿಡಿದ ಕುಳಿ ಹಾಗೇ ಇತ್ತು. ಬೆಳಗ್ಗೆ ರವಿಶಂಕರನ ಡ್ರಿಲ್ ಊರಿದ್ದ ಗುರುತು ಅಲ್ಲಿಂದ ಒಂದು ಗೇಣು.

ಉಳಿದ ಕುಳಿಯನ್ನು ಹೇಗೆ ತೀರಿಸಬೇಕೆಂಬುದಕ್ಕೆ ನಿಯಮಗಳಿವೆ. ಅದರಲ್ಲಿ ಒಂದಕ್ಷರವನ್ನೂ ಚಲಪತಿ ಬಿಡಲಿಲ್ಲ. ಎಲ್ಲ ಮುಗಿದು ಸೈರನ್ ಆದಾಗ ನಾಲ್ಕು ಗಂಟೆ. ಅವನು ಶೆಡ್ಡಿನ ಕಡೆ ತಿರುಗಿ ಕೂಗಿದ.

“ಅಕ್ಕಾ, ಒಂದು!”

“ಒಂದು!” ಎಂದು ಅಕ್ಕಯ್ಯಮ್ಮ ತಿರುಗಿ ಕೂಗಿದಳು.

ಮರೆಯಲ್ಲಿ ಕೂತು ಕಿವಿ ಮುಚ್ಚಿಕೊಂಡ. ಸಿಡಿಯುವುದೋ ಇಲ್ಲವೋ. ಈಗಲೂ ಸಿಡಿಯದಿದ್ದರೆ? ಎಣಿಸುವುದನ್ನೂ ಮರೆತು ಕಣ್ಣು ಮುಚ್ಚಿದ. ಬಂಡೆ ಒಂದು ಸಲ ಗುಡುಗಿತು. ಸಣ್ಣ ಕಲ್ಲುಗಳು ಬಿದ್ದು ಸದ್ದಡಗಿದ ಮೇಲೆ ಶೆಡ್ಡಿನಿಂದ, ಸ್ಟೀಲ್ ಬಟ್ಟಲಿಗೆ ಕಾಳು ಬಿದ್ದ ಸಣ್ಣ ಸದ್ದು ಅವನಿಗೆ ಕೇಳಿಸಿದ ಹಾಗಾಯಿತು. ಅಷ್ಟು ದೂರ ಕೇಳಿಸುವುದಿಲ್ಲ, ಆದರೆ ಅವನು ಈಗಲೂ ಕೇಳಿಸಿತೆಂದೇ ಹೇಳುತ್ತಾನೆ.

ಶೆಡ್ಡಿಗೆ ಬರುವಷ್ಟರಲ್ಲಿ ಸ್ಕೂಲಿನಿಂದ ಬಂದ ತ್ರಿವೇಣಿಯ ಫೋನು.

“ಅಪ್ಪ, ಬೆಳಗ್ಗೆ ಲೆಕ್ಕ ಏನಾಯ್ತು? ಬಂತಾ?”

“ಹನ್ನೆರಡು ಬಂತಮ್ಮ.”

“ತಾಳೆ ನೋಡಿದ್ಯಾ?”

ರಾಧ ಚೊಂಬಿನಿಂದ ನೀರು ಹುಯ್ಯುತ್ತಿದ್ದಳು, ರವಿಶಂಕರ್ ಬಗ್ಗಿ ಕೈ ತೊಳೆದುಕೊಳ್ಳುತ್ತಿದ್ದ. ಎರಡು ಕೈ, ಹತ್ತು ಬೆರಳು. ಚಲಪತಿ ಅದನ್ನೇ ನೋಡಿದ.

“ಈಗ ನೋಡ್ತಾ ಇದೀನಿ,” ಎಂದ. ಬೆಳಗ್ಗಿನಿಂದ ತಡೆದಿಟ್ಟಿದ್ದದ್ದೆಲ್ಲ ಒಂದೇ ಸಲ ಬಂದು, ತಗಡಿಗೆ ಒರಗಿ ಕೂತು ಅತ್ತ.

ಅಕ್ಕಯ್ಯಮ್ಮ ಅವನನ್ನು ಸುಮ್ಮನಿರು ಎನ್ನಲಿಲ್ಲ. ಆರಿದ್ದ ಒಲೆಗೆ ಮತ್ತೆ ಬೆಂಕಿ ಹಚ್ಚಿ, ಪಾತ್ರೆಯಲ್ಲಿ ನೀರಿಟ್ಟು, ಬಟ್ಟಲನ್ನು ಅವನ ಮುಂದೆ ಹಿಡಿದಳು. ಅವನು ಒಂದೊಂದಾಗಿ ಎಣಿಸಿದ, ಮತ್ತೊಂದು ಸಲ ಎಣಿಸಿದ. ಆಮೇಲೆ ಅವಳು ಹನ್ನೆರಡೂ ಕಾಳನ್ನು ಪಾತ್ರೆಗೆ ಸುರಿದಳು.